ಪಾಪ್ ಆಲ್ಬಮ್ಮಿನ್ಯಾಗ ಉಳಿದ ಒಂದು ‘ಭಲೇ’

ಮಡಗಾಂವದ ಒಂದು ಸ್ಟುಡಿಯೋದಾಗ ನಾನು ಟೈಲ್ಸ್ ಕೂಡಸಾಕತ್ತಿದ್ದೆ. ರೆಕಾರ್ಡಿಂಗ್ ಶುರುವಾತಂದ್ರ ಕಟರ್ ಬಂದ್ ಮಾಡಿ ಸುಮ್ಮನ ಕುಂಡ್ರಬೇಕು.

ಅವತ್ತು ಪಾಪ್ ಆಲ್ಬಮ್ ಮಾಡಸಾಕ ಬಂದವರು ಕೊಂಕಣಿ ನಾಟಕದಾಗ ಜನರನ್ನ ನಗಿಸಿ ಹೆಸರಾದವರಂತ. ಹಾಡು ತೀರಿಹೋದ ಅವರವ್ವನ ಮ್ಯಾಲಿಂದು. ಆದ್ರ ಅವರು ಬಾಯಿ ತೆಗದ್ರ ಸಾಕು, ರೆಕಾರ್ಡಿಂಗ್ ಮಷೀನ್ ಮುಂದ ಕುಂತವರು ಬಿದ್ದು ಬಿದ್ದು ನಗತಿದ್ರು.

ಕಡೀಕ ಹಾಡೋರು ನನ್ನ ಕಡೆ ತಿರುಗಿ ಹಿಂದಿಯೊಳಗ ಕೇಳಿದ್ರು, “ನಿನಗ ನನ್ನ ಗುರ್ತ ಐತೇನು?”

“ಇಲ್ರಿ ಸಾಹೇಬ್ರ, ನಾ ಬಿಜಾಪುರ ಕಡ್ಯಾವ.”

“ಹಂಗಾರ ಬಾ, ಮುಂದ ಕುಂಡ್ರು. ನಗದಿರೋ ಮಾರಿ ಒಂದರೆ ಬೇಕು ನನಗ.”

ಸಿಮೆಂಟ್ ಕೈಲೇ ಹೋಗಿ ಕುಂತೆ. ಅವರು ಕಣ್ಣು ಮುಚ್ಚಿ ಹಾಡಿದ್ರು. ಮಾತು ಪೂರಾ ತಿಳೀಲಿಲ್ಲ. ಆದ್ರ ಆ ದನಿ ಏರಿ ಏರಿ ಒಮ್ಮೆಲೇ ನಿಂತಾಗ ಮೈಮ್ಯಾಲೆ ಮುಳ್ಳು ಎದ್ದವು. ನಮ್ಮೂರ ಭಜನಿಯೊಳಗ ಯಾರರೆ ಹಂಗ ಹಾಡಿದ್ರ, ಸುಮ್ಮನ ಕುಂಡ್ರೋದು ಹಾಡಿದವರಿಗೆ ಅವಮಾನ. “ಭಲೇ!” ಅಂತ ಜೋರಾಗಿ ಕೂಗಿಬಿಟ್ಟೆ.

ಮಷೀನಿನವರು ತಲಿಮ್ಯಾಲೆ ಕೈ ಹೊತ್ತು ಕುಂತ್ರು. ಹಾಡಿದವರು ಮಾತ್ರ ಕಣ್ಣೊರಸಿಕೊಂಡು, “ಅದನ್ನ ತೆಗೀಬ್ಯಾಡ್ರಿ. ಇಷ್ಟು ವರ್ಷದಾಗ ಎಲ್ಲಾರೂ ನಕ್ಕಾರ, ಭಲೇ ಅಂದವ ಇವನೊಬ್ಬನ” ಅಂದ್ರು.

ಮುಂದ ನಾ ಇರೋ ಝುವಾರಿನಗರದ ಬಸ್ಸಿನ್ಯಾಗ ಆ ಸಿಡಿ ಹಚ್ಚತಿದ್ರು. ಮಂದಿ ಉಸಿರು ಹಿಡದು ಕೇಳೋರು, ಒಂದ ಕಡೆ ಮಾತ್ರ ಗೊಳ್ಳಂತ ನಗೋರು. ಅಷ್ಟು ದೊಡ್ಡ ನಗಿಸೋರ ಆಲ್ಬಮ್ಮಿನ್ಯಾಗ ಜನರನ್ನ ನಗಿಸಿದವ ನಾನೊಬ್ಬನ.