ನಡುಕೊಯ್ಲಿಗೆ ಬಂದ ಪ್ರಶಸ್ತಿ

ಪದವಿ ತರಗತಿಯಲ್ಲಿದ್ದಾಗ ನಾನು ಗೆದ್ದ ಮೊದಲ ಚರ್ಚಾಸ್ಪರ್ಧೆಯ ವಿಷಯ ಸಂಪೂರ್ಣ ಪಾನನಿಷೇಧ. ನಾನು ಪರವಾಗಿ ಮಾತನಾಡಿದ್ದೆ, ಮನಃಪೂರ್ವಕವಾಗಿ ಮಾತನಾಡಿದ್ದೆ. ಆಗ ಸಿಕ್ಕ ಬೆಳ್ಳಿಬಣ್ಣದ ಬಟ್ಟಲು ಭೇರ್ಯದ ನಮ್ಮ ಮನೆಯ ಗೋಡೆಗೂಡಿನಲ್ಲಿ ಇಂದಿಗೂ ಇದೆ. ನನ್ನ ತಾಯಿ ಅದರಲ್ಲಿ ಸೂಜಿ, ದಾರ, ಬಿಡಿ ಗುಂಡಿಗಳನ್ನು ಹಾಕಿಡುತ್ತಾರೆ. ಅದೇ ನಾನು ಕಳೆದ ವರ್ಷ, ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ನಡೆದ ವೈನ್ ಉದ್ಯಮದ ಪ್ರಶಸ್ತಿ ಪ್ರದಾನದ ಔತಣಕ್ಕೆ ರೇಷ್ಮೆ ಸೀರೆಯುಟ್ಟು ಹೋದೆ ಮತ್ತು ಹೆಮ್ಮೆಪಟ್ಟು ಹಿಂತಿರುಗಿದೆ. ನನ್ನನ್ನು ಬಲ್ಲವರಿಗೆ ಇದನ್ನು ವಿವರಿಸುವ ಹೊಣೆ ನನ್ನದೆಂದುಕೊಂಡು ಬರೆಯುತ್ತಿದ್ದೇನೆ.

ನನ್ನೊಡನೆ ಬಂದವರು ದೊಡ್ಡಮ್ಮ, ನನ್ನ ತಾಯಿಯ ಅಕ್ಕ. ಹುಣಸೂರಿನಿಂದ ವೀರನಹೊಸಹಳ್ಳಿಯ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಗೆ ಸೊಸೆಯಾಗಿ ಹೋದ ದಿನದಿಂದ ಅವರು ಹೊಗೆಸೊಪ್ಪಿನ ಕೆಲಸದವರು. ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಬಿಸಿಯಲ್ಲಿ ಹದವಾಗಿ ಬಂದ ಎಲೆಯನ್ನು ಬಣ್ಣ ನೋಡಿ, ಮುಟ್ಟಿ, ಮೂಸಿ ದರ್ಜೆ ವಿಂಗಡಿಸುವುದು. ಈ ಕೊನೆಯ ಕೆಲಸದಲ್ಲಿ ಆ ಸುತ್ತಮುತ್ತ ಅವರನ್ನು ಮೀರಿಸುವವರಿಲ್ಲ. ಕಣ್ಣು ಮುಚ್ಚಿಸಿ ಕೈಗೆ ಎಲೆ ಕೊಟ್ಟರೂ ಅದು ಗಿಡದ ಬುಡದ್ದೋ, ನಡುವಿನದೋ, ತುದಿಯದೋ ಎಂದು ಹೇಳಿಬಿಡುತ್ತಾರೆ.

ಹೊಗೆಸೊಪ್ಪಿನ ಹಂಗಾಮು ಮುಗಿದ ಮೇಲೆ ಆ ಕಡೆಯ ಹೆಂಗಸರಿಗೆ ಕೆಲಸ ಸಿಗುವುದು ಕಷ್ಟ. ಹುಣಸೂರಿನಲ್ಲಿ ಮಹಿಳಾ ಸಂಘಗಳನ್ನು ನೋಡಿಕೊಳ್ಳುವ ನನಗೆ ಅದು ಪ್ರತಿ ವರ್ಷದ ಚಿಂತೆ. ಆ ದಾರಿಯ ಕೆಂಪು ಮಣ್ಣಿನ ಇಳಿಜಾರಿನಲ್ಲಿ ಹೊರಗಿನವರೊಬ್ಬರು ವೈನ್ ದ್ರಾಕ್ಷಿ ನೆಟ್ಟು, ಪಕ್ಕದಲ್ಲೇ ಸಣ್ಣದೊಂದು ವೈನರಿ ಕಟ್ಟಿ, ಕೊಯ್ಲಿಗೆ ಹನ್ನೆರಡು ಜನ ಬೇಕೆಂದು ನಮ್ಮ ಸಂಘಕ್ಕೆ ಹೇಳಿಕಳಿಸಿದಾಗ ನಾನು ಒಂದು ವಾರ ಉತ್ತರ ಕೊಡಲಿಲ್ಲ. ಶಾಲೆಯ ದಾರಿಯಲ್ಲಿದ್ದ ಮದ್ಯದಂಗಡಿಯನ್ನು ಎತ್ತಿಸಲು ಇದೇ ಹೆಂಗಸರನ್ನು ಹದಿನೇಳು ದಿನ ಬಿಸಿಲಿನಲ್ಲಿ ಧರಣಿ ಕೂರಿಸಿದವಳು ನಾನು. ಈಗ ಯಾವ ಮುಖದಿಂದ ವೈನ್ ತೋಟಕ್ಕೆ ಕಳಿಸಲಿ ಎಂದು ದೊಡ್ಡಮ್ಮನನ್ನೇ ಕೇಳಿದೆ.

"ನಲ್ವತ್ತೊರ್ಸದಿಂದ ಒಗೆಸೊಪ್ಪು ಮುರೀತಾ ಇವ್ನಿ," ಎಂದರು ದೊಡ್ಡಮ್ಮ. "ಒಂದಿನ ನಾನು ಸೇದಿದ್ದ ಕಂಡಿದ್ದೀಯಾ ಮಗ?"

ಈ ವಾದದಲ್ಲಿ ಬಿರುಕುಗಳಿವೆ ಎಂದು ನನಗೆ ಗೊತ್ತು. ಸೊಪ್ಪು ಬೆಳೆದವರು ಸೇದದಿದ್ದ ಮಾತ್ರಕ್ಕೆ ಸೇದಿದವರ ಶ್ವಾಸಕೋಶ ಉಳಿಯುವುದಿಲ್ಲ. ಅಂಗಡಿಯನ್ನು ಎತ್ತಿಸಿದ್ದು ಸರಿ ಎಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಆದರೆ ಹೊಗೆಸೊಪ್ಪಿನ ಕೆಲಸದಲ್ಲಿ ಅವರು ನಲವತ್ತು ವರ್ಷ ಇದ್ದಾಗ ಸುಮ್ಮನಿದ್ದ ನಾನು, ದ್ರಾಕ್ಷಿ ತೋಟದ ಬಾಗಿಲಲ್ಲಿ ಮಾತ್ರ ತಡೆದು ನಿಲ್ಲಿಸುವುದಕ್ಕೆ ನ್ಯಾಯ ಹುಡುಕಲಾರದೆ ಹೋದೆ. ದೊಡ್ಡಮ್ಮ ಸೇರಿ ಹನ್ನೆರಡು ಜನರೂ ಕೆಲಸಕ್ಕೆ ಹೋದರು.

ಮೊದಲ ಕೊಯ್ಲಿನಲ್ಲೇ ಜಗಳವಾಯಿತು. ವೈನ್ ತಯಾರಿಸುವ ಹೊಣೆ ಹೊತ್ತಿದ್ದ ಯುವಕರೊಬ್ಬರನ್ನು ಹೆಂಗಸರು ವೈನ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರ ಸೂಚನೆ ಸ್ಪಷ್ಟವಾಗಿತ್ತು: ಇಡೀ ತೋಟವನ್ನು ಎರಡು ಬೆಳಗಿನಲ್ಲಿ ಕೊಯ್ದು ಮುಗಿಸಬೇಕು, ದೊಡ್ಡ ಟ್ಯಾಂಕು ಒಂದೇ ಸಲಕ್ಕೆ ತುಂಬಬೇಕು. ಎರಡನೆಯ ಮಧ್ಯಾಹ್ನ ಅವರು ಬಂದು ನೋಡಿದರೆ ಪ್ರತಿ ಬಳ್ಳಿಯಲ್ಲೂ ಅರ್ಧಕ್ಕಿಂತ ಹೆಚ್ಚು ಗೊಂಚಲು ಹಾಗೆಯೇ ಉಳಿದಿತ್ತು. ಕೆಲಸಗಳ್ಳತನವೆಂದುಕೊಂಡು ಅವರು ನನಗೆ ಫೋನು ಮಾಡಿದರು. ನಾನು ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ಹೆಂಗಸರು ಬೇಲಿಯ ನೆರಳಿನಲ್ಲಿ ಸಾಲಾಗಿ ಕುಳಿತಿದ್ದರು.

ನಡೆದದ್ದು ಇಷ್ಟು. ಹೊಗೆಸೊಪ್ಪಿನ ಗಿಡವನ್ನು ನಮ್ಮ ಕಡೆ ಯಾರೂ ಒಂದೇ ದಿನ ಬರಿದು ಮಾಡುವುದಿಲ್ಲ. ಬುಡದ ಎಲೆ ಮೊದಲು ಪಕ್ವವಾಗುತ್ತದೆ, ಅದನ್ನಷ್ಟೇ ಮುರಿಯಬೇಕು. ವಾರ ಬಿಟ್ಟು ಬಂದು ಅದರ ಮೇಲಿನದು, ಮತ್ತೆ ವಾರ ಬಿಟ್ಟು ತುದಿಯದು. ಈ ಹನ್ನೆರಡು ಜನರ ಕೈಗೆ ಬೇರೆ ರೀತಿಯ ಕೊಯ್ಲು ಗೊತ್ತೇ ಇರಲಿಲ್ಲ. ಪಡುವಣ ಬಿಸಿಲು ಬಿದ್ದ ಕಡೆಯ ಗೊಂಚಲು ಹಣ್ಣಾಗಿತ್ತು, ಕೊಯ್ದಿದ್ದರು; ಎಲೆಯ ಮರೆಯದು ಇನ್ನೂ ಹದಕ್ಕೆ ಬಂದಿರಲಿಲ್ಲ, ಬಿಟ್ಟಿದ್ದರು.

"ದ್ರಾಕ್ಷಿ ಹೊಗೆಸೊಪ್ಪಲ್ಲಮ್ಮ," ಎಂದರು ಮೇಷ್ಟ್ರು, ತಾಳ್ಮೆ ಕಳೆದುಕೊಂಡು.

"ಅದು ಗೊತ್ತು ಸಾ," ಎಂದರು ದೊಡ್ಡಮ್ಮ. "ಆದ್ರೂ ಗಿಡ ತಾನೆ? ಮಕ್ಳು ಎಲ್ಲ ಒಂದೇ ದಿವ್ಸ ನಡ್ಯದ ಕಲ್ತವಾ?"

ಹೆಂಗಸರು ನಕ್ಕರು. ಮೇಷ್ಟ್ರು ನಗಲಿಲ್ಲ. ನಾನೂ ನಗಲಿಲ್ಲ, ಅಂದು ನಾನು ಯಾರ ಪರ ನಿಂತೆ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ. ವೇದಿಕೆಯ ಮೇಲೆ ದುಡಿಯುವ ಹೆಣ್ಣಿನ ಅರಿವಿನ ಬಗ್ಗೆ ಅದೆಷ್ಟೋ ಸಲ ಭಾಷಣ ಮಾಡಿದ್ದ ನಾನು, ದೊಡ್ಡಮ್ಮನ ಎದುರಿಗೇ ಮೇಷ್ಟ್ರ ಕ್ಷಮೆ ಕೇಳಿದೆ. ಶಿಸ್ತು, ಸೂಚನೆ, ಸಂಘದ ಮರ್ಯಾದೆ ಎಂದು ಹೆಂಗಸರಿಗೆ ಹತ್ತು ನಿಮಿಷ ಬುದ್ಧಿ ಹೇಳಿದೆ. ದೊಡ್ಡಮ್ಮ ಸೆರಗಿನಿಂದ ಕೈಯ ಅಂಟು ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

ಮರುದಿನವೇ ಉಳಿದದ್ದನ್ನೆಲ್ಲ ಕೊಯ್ಯಿಸಲು ಮೇಷ್ಟ್ರು ಬೆಳಗ್ಗೆ ತೋಟಕ್ಕೆ ಇಳಿದರು. ಬಿಟ್ಟಿದ್ದ ಗೊಂಚಲುಗಳಿಂದ ಕಾಳು ಕಿತ್ತು ಬಾಯಿಗೆ ಹಾಕಿಕೊಂಡು, ಬೀಜ ಅಗಿದು ಉಗಿದು, ಸಾಲಿನಿಂದ ಸಾಲಿಗೆ ನಡೆದರಂತೆ. ಬೀಜ ಇನ್ನೂ ಬಲಿತಿಲ್ಲವೆಂದು ಕಂಡು ಕೆಲಸ ನಿಲ್ಲಿಸಿ, ವಾರ ಬಿಟ್ಟು ಬನ್ನಿ ಎಂದು ಎಲ್ಲರನ್ನೂ ಮನೆಗೆ ಕಳಿಸಿದರು. ಹೀಗೆ ಒಂದು ಕೊಯ್ಲು ಮೂರಾಯಿತು, ದೊಡ್ಡ ಟ್ಯಾಂಕಿನ ಬದಲು ಮೂರು ಸಣ್ಣ ಟ್ಯಾಂಕುಗಳು ತುಂಬಿದವು. ಅವುಗಳಲ್ಲಿ ಎರಡನೆಯದನ್ನು, ಹೆಂಗಸರು ನಡುಕೊಯ್ಲು ಎಂದು ಕರೆದದ್ದನ್ನು, ಮೇಷ್ಟ್ರು ಬೇರೆಯಾಗಿಯೇ ಬಾಟಲಿಗೆ ಹಾಕಿಸಿದರು. ಎರಡು ವರ್ಷದ ಮೇಲೆ ಅದಕ್ಕೆ ಕೆಂಪು ವೈನುಗಳ ವಿಭಾಗದಲ್ಲಿ ಮೊದಲ ಪ್ರಶಸ್ತಿ ಬಂತು.

ಸುದ್ದಿಯೊಂದಿಗೆ ವೈನರಿಯವರು ಅಚ್ಚು ಹಾಕಿಸಿದ ಪ್ರಚಾರಪತ್ರವೂ ನನ್ನ ಕೈ ಸೇರಿತು. ಮೂರು ಹಂತದ ಆಯ್ದ ಕೊಯ್ಲು ತಮ್ಮ ಸಂಸ್ಥೆಯ ವಿಶೇಷ ವಿಧಾನ ಎಂದು ಅದರಲ್ಲಿತ್ತು. ಹನ್ನೆರಡು ಜನರ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ಓದಿದವಳೇ ದೊಡ್ಡಮ್ಮನ ಊರಿಗೆ ಹೋಗಿ, ಅವರ ಜಗುಲಿಯ ಮೇಲೆ ಸೇರಿದ್ದ ಎಲ್ಲರಿಗೂ ಮಾತು ಕೊಟ್ಟೆ: ಪ್ರಶಸ್ತಿ ಕೊಡುವ ವೇದಿಕೆಯ ಮೇಲೆಯೇ ಇದು ನಿಮ್ಮ ಕೆಲಸವೆಂದು ಹೇಳಿಸುತ್ತೇನೆ, ಯಾರೂ ಹೇಳದಿದ್ದರೆ ನಾನೇ ಹೇಳುತ್ತೇನೆ. ಬೇಲಿಯ ನೆರಳಿನಲ್ಲಿ ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ನನಗೆ ಬೇರೆ ದಾರಿ ಕಾಣಲಿಲ್ಲ. ಮಾಲೀಕರನ್ನು ಕಂಡು ಎರಡು ಆಹ್ವಾನ ಕೇಳಿದೆ. ಅವರು ಸೌಜನ್ಯದಿಂದಲೇ ಕೊಟ್ಟರು. ವೇದಿಕೆಗೆ ಮಾತ್ರ ತಾವು ಮತ್ತು ಮೇಷ್ಟ್ರು ಹೋಗುವುದೆಂದು ಮೊದಲೇ ತಿಳಿಸಿದರು. ನಾನು ತಲೆಯಾಡಿಸಿ ಬಂದು, ಮೂರು ನಿಮಿಷದ ಭಾಷಣ ಬರೆದುಕೊಂಡೆ.

ಸಂಜೆ ಏಳಕ್ಕೆ ನಾವು ಹೋಟೆಲು ಸೇರಿದಾಗ ಸಭಾಂಗಣದ ಹೊರಗೆ ರುಚಿ ನೋಡುವ ಮೇಜುಗಳಿದ್ದವು. ಕೋಟು ತೊಟ್ಟವರು ಲೋಟದ ಬುಡ ಹಿಡಿದು ಆಡಿಸಿ, ಮೂಗು ಇಳಿಬಿಟ್ಟು ಮೂಸಿ, ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಪಕ್ಕದ ಪಾತ್ರೆಗೆ ಉಗಿಯುತ್ತಿದ್ದರು. ದೊಡ್ಡಮ್ಮ ಅವರನ್ನು ಬಹಳ ಹೊತ್ತು ನೋಡಿದರು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜಿನಲ್ಲಿ ಕಂಪನಿಯವರು ಸೊಪ್ಪಿನ ಬೇಲು ಕಟ್ಟುಗಳ ನಡುವೆ ಹೀಗೆಯೇ ಎಲೆ ಮೂಸಿ ಎಸೆಯುತ್ತಾ ಹೋಗುತ್ತಾರೆ, ಇವರೂ ಅದೇ ಕುಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅದಾದ ಮೇಲೆ ಅವರಿಗೆ ಆ ಜಾಗದ ಅಂಜಿಕೆ ಹೋಯಿತು. ನನಗೆ ಹೋಗಲಿಲ್ಲ.

ನಮ್ಮ ಮೇಜು ಕೊನೆಯ ಸಾಲಿನಲ್ಲಿ, ಕಂಬದ ಪಕ್ಕದಲ್ಲಿತ್ತು. ಒಬ್ಬೊಬ್ಬರ ಮುಂದೆಯೂ ನಾಲ್ಕು ಗಾಜಿನ ಲೋಟ. ಉಳಿದ ಮೂರು ಮೂರು ಯಾರಿಗೆಂದು ದೊಡ್ಡಮ್ಮ ಕೇಳಿದರು. ಎಲ್ಲವೂ ಒಬ್ಬರಿಗೇ ಎಂದೆ. ಇಷ್ಟು ಲೋಟ ಇಡುವ ಬದಲು ನಮ್ಮವರನ್ನು ಇನ್ನಾರು ಜನ ಕರೆಯಬಹುದಿತ್ತು ಎಂದು ಅವರು ಬೇಸರಪಟ್ಟುಕೊಂಡರು. ಬಡಿಸುವವರು ಒಂದೊಂದೇ ವೈನು ತಂದು ಸುರಿದು ಹೋದರು. ನಾವಿಬ್ಬರೂ ನೀರು ಕುಡಿದೆವು. ಮೂರನೆಯ ಲೋಟ ತುಂಬಿದಾಗ ದೊಡ್ಡಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದರು.

"ಇದು ನಮ್ದು ಕಣವ್ವ. ನಡುಕೊಯ್ಲಿಂದು."

ಬಡಿಸುತ್ತಿದ್ದವರನ್ನು ನಿಲ್ಲಿಸಿ ಬಾಟಲಿಯ ಚೀಟಿ ನೋಡಿದೆ. ಹೌದು, ನಮ್ಮ ತೋಟದ್ದೇ. ತುಟಿಗೆ ಸೋಕಿಸದೆ, ಕೊಯ್ಲಿನ ದಿನ ಬೆರಳಿಗಂಟಿದ್ದ ವಾಸನೆಯ ನೆನಪೊಂದರಿಂದಲೇ ಅವರು ತಮ್ಮ ಹಣ್ಣನ್ನು ಗುರುತಿಸಿದ್ದರು. ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಸಾಕೆಂದು ಊಟದೆಲೆಯ ಮೇಲೆ ಕೈಯಿಡುವಂತೆ ಅದರ ಬಾಯಿಗೆ ಅಂಗೈ ಮುಚ್ಚಿ ಕುಳಿತರು.

ಸ್ವಲ್ಪ ಹೊತ್ತಿಗೆ ನಮ್ಮ ವೈನರಿಯ ಹೆಸರು ಕೂಗಿದರು. ಮಾಲೀಕರೂ ಮೇಷ್ಟ್ರೂ ವೇದಿಕೆ ಹತ್ತಿದರು. ಪ್ರಶಸ್ತಿ ಫಲಕ ಕೈಗಿತ್ತ ನಿರೂಪಕಿ, ಈ ಮೂರು ಹಂತದ ಕೊಯ್ಲಿನ ಆಲೋಚನೆ ಹೇಗೆ ಬಂತೆಂದು ಇಂಗ್ಲಿಷಿನಲ್ಲಿ ಕೇಳಿದರು. ಮಾಲೀಕರು ನಗುತ್ತಾ ತಮ್ಮ ಸಂಸ್ಥೆಯ ದೂರದೃಷ್ಟಿ, ಪ್ರಯೋಗಶೀಲತೆ ಎಂದು ಏನೇನೋ ಹೇಳಿದರು. ಭಾಷಣದ ಹಾಳೆ ಕೈಗೆ ಬಂತು, ಕುರ್ಚಿ ಹಿಂದಕ್ಕೆ ಸರಿಯಿತು. ಅಧ್ಯಕ್ಷರೇ ಎಂಬ ಚರ್ಚಾಸ್ಪರ್ಧೆಯ ಹಳೆಯ ಸಂಬೋಧನೆ ಗಂಟಲಿನವರೆಗೆ ಬಂದಿತ್ತು. ದೊಡ್ಡಮ್ಮ ನನ್ನ ಸೆರಗು ಹಿಡಿದು ಎಳೆದರು.

"ಕೂತ್ಕೋ."

"ದೊಡ್ಡಮ್ಮ, ಅವರು ಸುಳ್ಳು ಹೇಳ್ತಾ ಇದ್ದಾರೆ."

"ಮೇಷ್ಟ್ರು ಇನ್ನೂ ಬಾಯಿ ಬುಟ್ಟಿಲ್ಲ. ನೀ ಎದ್ದು ಮಾತಾಡುದ್ರೆ ನಾವು ಕೇಳಿ ಈಸ್ಕೊಂಡಂಗಾಯ್ತದೆ. ಕೂತ್ಕೋ ಮಗ, ಆವಪ್ಪ ನಿಜ ಏಳ್ತಾನೆ."

ಕುಳಿತೆ. ಎದುರಾಳಿ ಮಾತನಾಡುವಾಗ ಇಷ್ಟು ಕಷ್ಟಪಟ್ಟು ನಾನು ಎಂದೂ ಕುಳಿತಿರಲಿಲ್ಲ. ಮೈಕು ಮೇಷ್ಟ್ರ ಕೈಗೆ ಬಂತು. ಅವರು ಮೊದಲು ಮಾಲೀಕರ ಕಡೆ, ಆಮೇಲೆ ಕತ್ತಲಲ್ಲಿದ್ದ ನಮ್ಮ ಕಂಬದ ಕಡೆ ನೋಡಿದರು. ಇಂಗ್ಲಿಷಿನಲ್ಲಿ ಶುರು ಮಾಡಿ, ಎರಡನೆಯ ವಾಕ್ಯಕ್ಕೆ ಕನ್ನಡಕ್ಕೆ ಹೊರಳಿದರು. ಇದು ತಮ್ಮ ಆಲೋಚನೆ ಅಲ್ಲವೆಂದರು. ತಾವು ಒಂದೇ ಸಲ ಕೊಯ್ಯಲು ಹೇಳಿದ್ದಾಗಿಯೂ, ಹೊಗೆಸೊಪ್ಪಿನ ಹೆಂಗಸರು ಅದನ್ನು ಮೀರಿದ್ದಾಗಿಯೂ, ತಾವು ಅವರನ್ನು ಗದರಿಸಿದ್ದಾಗಿಯೂ, ಮರುದಿನ ಬೀಜ ಅಗಿದು ನೋಡಿದಾಗ ತಮ್ಮ ತಪ್ಪು ತಿಳಿದದ್ದಾಗಿಯೂ ಹೇಳಿದರು. ಒಂದನ್ನೂ ಬಿಡಲಿಲ್ಲ. ಅವರಲ್ಲಿ ಹಿರಿಯರು ಇಲ್ಲಿಗೆ ಬಂದಿದ್ದಾರೆ, ಫಲಕ ಅವರ ಕೈಗೆ ಹೋಗಬೇಕು ಎಂದರು. ಮಾಲೀಕರ ನಗು ಒಂದು ಕ್ಷಣ ಹಾಗೆಯೇ ನಿಂತಿತು. ಆಮೇಲೆ ಅವರೇ ಮೊದಲು ಚಪ್ಪಾಳೆ ತಟ್ಟಿದರು ಎಂಬುದನ್ನೂ ನ್ಯಾಯವಾಗಿ ದಾಖಲಿಸಬೇಕು.

ದೊಡ್ಡಮ್ಮ ಎದ್ದರು. ಸೆರಗು ಸರಿಮಾಡಿಕೊಂಡು, ಚಪ್ಪಲಿಯನ್ನು ಮೇಜಿನ ಕೆಳಗೇ ಬಿಟ್ಟು, ಬರಿಗಾಲಿನಲ್ಲಿ ಆ ಮೆತ್ತನೆಯ ರತ್ನಗಂಬಳಿಯ ಮೇಲೆ ನಡೆದು ಹೋದರು. ದಾರಿಯುದ್ದಕ್ಕೂ ಕೋಟು ತೊಟ್ಟವರು ಎದ್ದು ನಿಂತರು. ಮೈಕು ಕೊಟ್ಟಾಗ ಅವರು ಹೇಳಿದ್ದು ಬಹಳ ಕಡಿಮೆ.

"ಕಾಯಾಗಿದ್ದ ಬುಟ್ಟೋ, ಅಣ್ಣಾಗಿದ್ದ ಕೊಯ್ದೋ. ಅಷ್ಟೇಯ. ನಾನೊಬ್ಳೇ ಅಲ್ಲ, ಇನ್ನೂ ಅನ್ನೊಂದು ಜನ ಅವ್ರೆ."

ಆಮೇಲೆ ಆ ಹನ್ನೊಂದು ಹೆಸರುಗಳನ್ನು ಹೇಳಿದರು. ಊರಿನಲ್ಲಿ ಕರೆಯುವಂತೆ, ಮನೆಯ ಗುರುತಿನೊಂದಿಗೆ, ತೋಟದಲ್ಲಿ ಅವರು ನಿಂತಿದ್ದ ಸಾಲಿನ ಕ್ರಮದಲ್ಲಿ. ಆ ಸಭಾಂಗಣದಲ್ಲಿದ್ದ ಯಾರಿಗೂ ಆ ಹೆಸರುಗಳ ಗುರುತಿರಲಿಲ್ಲ, ಆದರೂ ಹನ್ನೊಂದನೆಯದು ಮುಗಿಯುವವರೆಗೆ ಒಂದು ಚಮಚದ ಸದ್ದೂ ಆಗಲಿಲ್ಲ. ನಾನು ನನ್ನ ಹಾಳೆಯನ್ನು ಮಡಿಸಿ ಚೀಲದೊಳಗೆ ಹಾಕಿದೆ. ಅದರಲ್ಲಿ ಶ್ರಮ, ಘನತೆ, ಸಮಾನತೆ ಎಂಬ ಪದಗಳಿದ್ದವು. ಆ ಹನ್ನೊಂದು ಹೆಸರುಗಳಲ್ಲಿ ಒಂದೂ ಇರಲಿಲ್ಲ.

ದೊಡ್ಡಮ್ಮ ಫಲಕವನ್ನು ಎದೆಗವಚಿಕೊಂಡು ಬಂದು ಕುಳಿತು, ಮೊದಲು ಕಾಲಿನಿಂದ ಚಪ್ಪಲಿ ಹುಡುಕಿಕೊಂಡರು. ಹಿಂದೆಯೇ ಬಂದ ಮೇಷ್ಟ್ರು ನಮ್ಮ ಮೇಜಿನ ಬಳಿ ಬಗ್ಗಿ ನಿಂತು, ಈ ಸಲ ಕೊಯ್ಲು ಯಾವತ್ತು ಶುರು ಮಾಡುವುದೆಂದು ದೊಡ್ಡಮ್ಮನನ್ನು ಕೇಳಿದರು. ಗಿಡ ನೋಡದೆ ಇಲ್ಲಿಂದಲೇ ಹೇಗೆ ಹೇಳಲಿ, ಬಂದು ನೋಡಿ ಹೇಳುತ್ತೇನೆ ಎಂದರು ಅವರು. ಮೇಷ್ಟ್ರು ಆಗಲೆಂದು ಒಪ್ಪಿಕೊಂಡರು.

ಅವರು ಹೋದ ಮೇಲೆ ನಾನು ಬೇಲಿಯ ನೆರಳಿನ ದಿನವನ್ನು ಎತ್ತಿದೆ. ಅಂದು ಮೇಷ್ಟ್ರ ಪರ ವಹಿಸಿದ್ದು ತಪ್ಪಾಯಿತು ಎಂದೆ. ದೊಡ್ಡಮ್ಮ ಫಲಕದ ಮೇಲಿನ ಬೆರಳಿನ ಗುರುತನ್ನು ಸೆರಗಿನಿಂದ ಒರೆಸುತ್ತಿದ್ದರು.

"ಅದ್ಕೇಯ ನಿನ್ನ ಎಸ್ರ ಏಳ್ನಿಲ್ಲ," ಎಂದರು, ನನ್ನ ಮುಖ ನೋಡದೆ. ಆಮೇಲೆ ನಕ್ಕರು. "ನೀನು ಒಂದು ಗೊಂಚ್ಲಾದ್ರೂ ಕೊಯ್ದಿದ್ದೀಯಾ? ಈ ಸಲ ಬಾ. ಕತ್ರಿ ಕೊಡ್ತೀನಿ."

ಹೋದೆ. ನಾಲ್ಕನೆಯ ಸಾಲು ನನ್ನದು. ಮೊದಲ ಬೆಳಗಿನಲ್ಲಿ ನಾನು ಕೊಯ್ದ ಏಳು ಗೊಂಚಲುಗಳಲ್ಲಿ ಮೂರನ್ನು ದೊಡ್ಡಮ್ಮ ಬುಟ್ಟಿಯಿಂದ ಎತ್ತಿ ಎಲ್ಲರಿಗೂ ತೋರಿಸಿದರು. ಅವು ಇನ್ನೂ ಕಾಯಿ.