ಕುಂಕುಮ ಹಚ್ಚಿ ಕೂರಿಸಿದ ಕೋವಿ

ಅರವತ್ತೊಂದು ತುಂಬಿದ ವರ್ಷ ನಾನೊಂದು ಹಳೆಯ ಮಿಲಿಟರಿ ಕೋವಿ ಕೊಂಡೆ. ಯಾಕೆ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಿಜ ಇಷ್ಟೇ, ನನಗೆ ಬೇಕಿತ್ತು.

ಕೊಡಗಿನ ನಮ್ಮ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯನ್ನು ಅಂಗಳಕ್ಕೆ ತಂದು ಒಂದು ಗುಂಡು ಹಾರಿಸುತ್ತಿದ್ದರು. ತಮ್ಮಂದಿರಿಬ್ಬರಿಗೂ ಹಾರಿಸಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ನಾನು ಹುಟ್ಟಿದಾಗ ಯಾರೂ ಕೋವಿ ಮುಟ್ಟಲಿಲ್ಲವಂತೆ. ಆಮೇಲೆ ಡಾಕ್ಟರಾದೆ, ಮೈಸೂರಿನ ಶುದ್ಧ ಸಸ್ಯಾಹಾರಿಯೊಬ್ಬರನ್ನು ಮದುವೆಯಾಗಿ ಎರಡೂ ಮನೆಯವರ ಕೈಲಿ ಬೈಸಿಕೊಂಡೆ. ನಾರ್ತ್ ಕ್ಯಾರೊಲಿನಾದ ಏಪೆಕ್ಸ್‌ಗೆ ಬಂದು ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೊಸ್ಕೋಪಿನ ಮೇಲೆ ಬಗ್ಗಿ ಕೂತೆ. ಕೋವಿಡ್ ವರ್ಷ ರಿಟೈರ್ ಆದೆ. ಆಗ ನಮ್ಮ ಬೀದಿಯವರೆಲ್ಲ ಮನೆಯಲ್ಲೇ ಬ್ರೆಡ್ ಮಾಡಲು ಕಲಿಯುತ್ತಿದ್ದರು. ನಾನು ಬೇಟೆಯ ಕೋರ್ಸ್ ಮುಗಿಸಿ, ಲೈಸೆನ್ಸ್ ತೆಗೆದುಕೊಂಡು, ಕೋವಿ ಅಂಗಡಿಗೆ ಹೋದೆ.

ಅಂಗಡಿಯವನು ನನ್ನನ್ನು ಬಿಟ್ಟು ನನ್ನ ಗಂಡನಿಗೆ ಎಲ್ಲವನ್ನೂ ವಿವರಿಸುತ್ತಿದ್ದ. ನನ್ನವರು ಎರಡು ಸಲ, ‘ನನಗಲ್ಲ, ಇವರಿಗೆ’ ಎಂದು ಇಂಗ್ಲಿಷಿನಲ್ಲಿ ಹೇಳಿ, ಮೂರನೆಯ ಸಲ ಹೊರಗೆ ಹೋಗಿ ಕಾರಿನಲ್ಲಿ ಕೂತರು. ಹೊಸ ರೈಫಲ್ ನನಗೆ ಬೇಡವಾಗಿತ್ತು. ಮೂಲೆಯಲ್ಲಿ ಒಂದು ಯುರೋಪಿನ ಸೈನ್ಯದ ಕೋವಿ ಒರಗಿತ್ತು. ಯಾರೋ ಪುಣ್ಯಾತ್ಮ ಅದರ ಮರದ ಹಿಡಿಯನ್ನು ಗರಗಸದಲ್ಲಿ ಕೊಯ್ದು ಅರ್ಧಕ್ಕೇ ಬಿಟ್ಟಿದ್ದ. ಹಾಗಾಗಿ ಹಳೆಯ ವಸ್ತು ಕೂಡಿಡುವವರಿಗೂ ಬೇಡ, ಬೇಟೆಯವರಿಗೂ ಬೇಡ. ಜುಜುಬಿ ಬೆಲೆಗೆ ಸಿಕ್ಕಿತು. ಅದೇ ಬೇಕು ಎಂದೆ. ಅಂಗಡಿಯವನು ಮೊದಲ ಸಲ ನನ್ನ ಮುಖ ನೋಡಿದ.

ಪಕ್ಕದ ಮನೆಯ ಮುದುಕ ಬಟ್ಟೆ ಗಿರಣಿಯ ಯಂತ್ರಗಳನ್ನು ರಿಪೇರಿ ಮಾಡಿಯೇ ಜೀವನ ಸವೆಸಿದವನು. ಮಾತು ಕಮ್ಮಿ. ಗುಂಡು ಕೂರುವ ಜಾಗ ಸವೆದಿದೆಯೇ ಎಂದು ಅಳತೆಯ ತುಂಡುಗಳನ್ನು ಹಾಕಿ ನೋಡಿ, ಒಳ್ಳೆಯ ಕಬ್ಬಿಣ, ಮರ ಮಾತ್ರ ಎಸೆ ಎಂದ. ಉಕ್ಕಿನ ಕೆಲಸ ತನ್ನದು, ಮರದ ಕೆಲಸ ನನ್ನದು ಎಂದೂ ಅವನೇ ಹೇಳಿದ.

ಒರಟಾಗಿ ಕೆತ್ತಿದ ವಾಲ್ನಟ್ ಮರದ ಹಿಡಿ ತರಿಸಿದೆ. ಅದರೊಳಗೆ ಕಬ್ಬಿಣ ಸಂದಿಲ್ಲದಂತೆ ಕೂರಬೇಕು. ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂದು ತಿಳಿಯಲು ಕಬ್ಬಿಣಕ್ಕೆ ಕಪ್ಪು ಬಣ್ಣ ಬಳಿದು ಮರದೊಳಗೆ ಒತ್ತಿ ನೋಡುತ್ತಾರೆ. ಆ ಬಣ್ಣ ನನ್ನ ಬಳಿ ಇರಲಿಲ್ಲ. ದೇವರ ಗೂಡಿನ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಹಚ್ಚಿದೆ. ಒತ್ತಿ ತೆಗೆದರೆ ಮರದ ಮೇಲೆ ಅಲ್ಲಲ್ಲಿ ಕೆಂಪು. ಆ ಕೆಂಪನ್ನಷ್ಟೇ ಉಳಿಯಲ್ಲಿ ಕೆರೆಯಬೇಕು, ಮತ್ತೆ ಹಚ್ಚಬೇಕು, ಮತ್ತೆ ಒತ್ತಬೇಕು. ಬಣ್ಣ ಹಾಕಿ ಕಣ್ಣಿಗೆ ಕಾಣದ್ದನ್ನು ಕಾಣಿಸುವುದೇ ಮೂವತ್ತು ವರ್ಷದ ನನ್ನ ವೃತ್ತಿಯಾಗಿತ್ತು, ಇದೇನು ಮಹಾ. ಗರಾಜಿನಲ್ಲಿ ಎರಡು ತಿಂಗಳು ಅದನ್ನೇ ಮಾಡಿದೆ. ಕೈಬೆರಳೆಲ್ಲ ಕೆಂಪಾಗಿರುತ್ತಿತ್ತು. ‘ಯಾವ ಪೂಜೆ ನಡೀತಿದೆ ಒಳಗೆ?’ ಎಂದು ನನ್ನವರು ಕಾಫಿ ತಂದುಕೊಟ್ಟು ಹೋಗುತ್ತಿದ್ದರು.

ಕನ್ನಡ ಕೂಟದ ಗೆಳೆಯರಿಗೆ ಸುದ್ದಿ ಮುಟ್ಟಿತು. ‘ಈ ವಯಸ್ಸಲ್ಲಿ ಗನ್ ಯಾಕ್ರೀ ನಿಮಗೆ? ಯೋಗ ಕ್ಲಾಸ್ ಜಾಯಿನ್ ಆಗಿ’ ಎಂದರು ಒಬ್ಬರು. ‘ಯೋಗ ಮಾಡಿದ್ರೆ ಜಿಂಕೆ ಬೀಳುತ್ತಾ?’ ಎಂದೆ. ಅವರ ಮನೆಯ ಗುಲಾಬಿಯನ್ನೆಲ್ಲ ಜಿಂಕೆಗಳು ಮೇಯ್ದಿದ್ದವು. ಅವರು ಏನಂದುಕೊಂಡರೂ ನನಗೆ ಚಿಂತೆ ಇರಲಿಲ್ಲ. ನನಗೆ ಚಿಂತೆ ಇದ್ದದ್ದು ಒಬ್ಬಳದೇ, ಮಗಳದು. ಅವಳಿಗೆ ನಾನು ಹೇಳಿಯೇ ಇರಲಿಲ್ಲ.

ಮಗಳು ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ ಟೀಚರ್. ಐದು ವರ್ಷದ ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. ಸೆಪ್ಟೆಂಬರಿನ ಲಾಂಗ್ ವೀಕೆಂಡಿಗೆ ಐದು ಗಂಟೆ ಡ್ರೈವ್ ಮಾಡಿಕೊಂಡು ಮನೆಗೆ ಬಂದಳು. ನಮ್ಮ ಕೈಲ್ ಪೊಳ್ದ್ ಅದೇ ದಿನಗಳಲ್ಲಿ ಬರುತ್ತದೆ. ಕೊಡವರು ಆಯುಧಗಳನ್ನು ದೇವರ ಮುಂದಿಟ್ಟು ಪೂಜಿಸುವ ಹಬ್ಬ. ಮೂವತ್ತು ವರ್ಷ ಅಡುಗೆಮನೆಯ ಚಾಕು ಇಟ್ಟು ಪೂಜೆ ಮಾಡಿದ್ದೆ. ಆ ಸಲ ಕೋವಿ ಇಟ್ಟೆ. ಗಂಧ ಹಚ್ಚಿ, ನಾನೇ ಕುಂಡದಲ್ಲಿ ಬೆಳೆಸಿದ ತೋಕ್ ಪೂ, ಅಂದರೆ ಕೋವಿ ಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿದೆ. ಮನೆಯಲ್ಲಿ ಒಂದೇ ಒಂದು ಗುಂಡೂ ಇರಲಿಲ್ಲ. ಆದರೆ ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ಮಗಳು ಬಂದವಳು ಚಪ್ಪಲಿ ಬಿಟ್ಟು, ಕೈಮುಗಿಯಲು ನೇರ ದೇವರ ಗೂಡಿಗೆ ಹೋದಳು. ನಾನೂ ಹಿಂದೆ ಹೊರಟೆ. ಹೋಗಿ ನೋಡಿದರೆ ಗೋಡೆಗೆ ಬೆನ್ನು ಒತ್ತಿ ನಿಂತಿದ್ದಾಳೆ.

‘ಅಮ್ಮಾ, ವಾಟ್ ಈಸ್ ದಟ್?’

‘ಕೋವಿ ಕಣೇ. ನಾನೇ ಮಾಡಿದ್ದು. ಹಬ್ಬ ಅಲ್ವಾ ಇವತ್ತು.’

‘ನೀನು ಅದನ್ನ ಸೇಲ್ ಮಾಡು. ಐ ಕಾಂಟ್ ಸ್ಲೀಪ್ ಇನ್ ದಿಸ್ ಹೌಸ್.’

‘ಮಾರಲ್ಲ,’ ಎಂದೆ.

ಬ್ಯಾಗ್ ಕೂಡ ಬಿಚ್ಚದೆ ಐದು ಗಂಟೆಯ ದಾರಿಯನ್ನು ವಾಪಸು ಹೊರಟಳು. ಕಾರಿನ ಬಾಗಿಲ ಬಳಿ ನನ್ನವರು ಹಬ್ಬದ ಅಕ್ಕಿಯುಂಡೆ, ಕಡಂಬುಟ್ಟಿನ ಡಬ್ಬಿ ಹಿಡಿದು ನಿಂತಿದ್ದರು, ಅದನ್ನೂ ತೆಗೆದುಕೊಳ್ಳಲಿಲ್ಲ. ಆ ಕೋವಿ ಇರುವತನಕ ಈ ಮನೆಗೆ ಬರುವುದಿಲ್ಲ ಎಂದು ದಾರಿಯಿಂದಲೇ ಮೆಸೇಜ್ ಹಾಕಿದಳು. ಬರಬೇಡ, ಎಂದು ನಾನೂ ಬರೆದೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆಗ ಬಂದದ್ದು ಸಿಟ್ಟು ಮಾತ್ರ. ನಾನು ಹುಟ್ಟಿದಾಗ ಅಪ್ಪ ಕೋವಿ ಮುಟ್ಟಲಿಲ್ಲ, ಅಂಗಡಿಯವನು ನೋಡಲಿಲ್ಲ, ಕೂಟದವರು ನಕ್ಕರು, ಈಗ ಹೆತ್ತ ಮಗಳೂ ಸಾಲಿಗೆ ನಿಂತಳು ಎಂದುಕೊಂಡೆ. ಕೋವಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ನವೆಂಬರಿನಲ್ಲಿ ಪಕ್ಕದ ಮನೆಯವನ ಅಣ್ಣನ ಜಮೀನಿಗೆ ಹೋಗಿ ಒಂದು ಜಿಂಕೆ ಹೊಡೆದೆ. ಒಂದೇ ಗುಂಡು, ಓಡಲೂ ಇಲ್ಲ. ನಮ್ಮ ಕೊಡಗಿನ ಕಪ್ಪು ಹುಳಿ, ಕಾಚಂಪುಳಿ ಹಾಕಿ ಮಾಂಸ ಬೇಯಿಸಿದೆ. ನನ್ನವರು ಅನ್ನ ಸಾರು ತಿಂದರು. ಎದುರಿನ ಕುರ್ಚಿ ಖಾಲಿ. ಇಡೀ ಮನೆಯಲ್ಲಿ ನನ್ನ ಕೈಯ ಮಾಂಸದಡುಗೆಯನ್ನು ಆಸೆಪಟ್ಟು ತಿನ್ನುವವಳು ಮಗಳೊಬ್ಬಳೇ ಆಗಿದ್ದಳು. ಎರಡು ತುತ್ತು ತಿಂದು ಎದ್ದೆ.

ಒಂದೂವರೆ ವರ್ಷ ಅವಳು ಬರಲಿಲ್ಲ. ಅಪ್ಪನಿಗೆ ಫೋನ್ ಮಾಡುತ್ತಿದ್ದಳು, ನನಗಲ್ಲ. ನಾನು ಹಠಮಾರಿ, ಅವಳು ನನ್ನ ಮಗಳು. ಕೊನೆಗೊಂದು ಭಾನುವಾರ ಕೋವಿಯ ಬೋಲ್ಟ್ ಬಿಚ್ಚಿ ಒಂದು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಸೆಂಟರ್‌ವಿಲ್‌ಗೆ ಹೋದೆ. ಗುಂಡನ್ನು ಒಳಕ್ಕೆ ತಳ್ಳಿ ಬಾಗಿಲು ಹಾಕುವ ಉಕ್ಕಿನ ತುಂಡು ಅದು. ಅದರೊಳಗೇ ಗುಂಡನ್ನು ಸಿಡಿಸುವ ಮೊಳೆ ಇರುತ್ತದೆ.

ಮಗಳು ಬಾಗಿಲು ತೆಗೆದಳು. ಅದನ್ನು ತೆರೆದಿಟ್ಟೇ ಒಳಗೆ ನಡೆದಳು, ನಾನೂ ಹಿಂದೆ ಹೋದೆ.

‘ಯಾಕೆ ಅಷ್ಟು ಹೆದರಿದೆ ಹೇಳು. ಈ ಸಲ ಕೇಳಿಸ್ಕೊತೀನಿ,’ ಎಂದೆ.

ಸ್ಕೂಲಿನಲ್ಲಿ ಮಾಡಿಸುವ ಡ್ರಿಲ್ ಬಗ್ಗೆ ಹೇಳಿದಳು. ಯಾರಾದರೂ ಬಂದೂಕು ಹಿಡಿದು ಒಳಗೆ ಬಂದರೆ ಏನು ಮಾಡಬೇಕು ಎಂದು. ದೀಪ ಆರಿಸಿ, ಅಷ್ಟೂ ಮಕ್ಕಳನ್ನು ಮೂಲೆಯಲ್ಲಿ ಕೂರಿಸಿಕೊಂಡು ಉಸಿರು ಬಿಗಿಹಿಡಿಯಬೇಕು. ಒಂದು ಹುಡುಗಿಯ ದೀಪವಿರುವ ಬೂಟು ಕಾಲು ಆಡಿಸಿದಾಗೆಲ್ಲ ಮಿಣುಕುತ್ತದಂತೆ. ಮಗಳು ಅದನ್ನು ಬಿಚ್ಚಿಸಿ ತನ್ನ ಸ್ವೆಟರಿನೊಳಗೆ ಅಡಗಿಸಿಕೊಂಡು ಕೂರುತ್ತಾಳೆ.

‘ಆ ಲೈಟ್ ಕಂಡ್ರೆ ದೇ ವಿಲ್ ಫೈಂಡ್ ಅಸ್, ಅಮ್ಮ. ಪ್ರತಿ ಸಲ ಅದೇ ಯೋಚನೆ. ಆಮೇಲೆ ಮನೆಗೆ ಬಂದ್ರೆ, ದೇವರ ಹತ್ರನೂ ಅದೇ.’

ಹೆತ್ತವಳಾಗಿಯೂ ನನಗೆ ಇದು ಗೊತ್ತಿರಲಿಲ್ಲ. ಆದರೂ ಮಾರುತ್ತೇನೆ ಎಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ.

‘ಕೋವಿ ಮಾರಲ್ಲ. ಅದು ನನ್ನದು,’ ಎಂದೆ. ಬಟ್ಟೆ ಬಿಚ್ಚಿ ಬೋಲ್ಟನ್ನು ಮೇಜಿನ ಮೇಲಿಟ್ಟೆ. ‘ಇದಿಲ್ಲದೆ ಅದು ಬರೀ ದೊಣ್ಣೆ. ಇದು ನಿನ್ನ ಹತ್ರ ಇರ್ಲಿ. ಬೇಟೆ ಸೀಸನ್ ಬಂದಾಗ ನಿನ್ನ ಕೇಳಿ ತಗೋತೀನಿ.’

‘ನಾನು ನೋ ಅಂದ್ರೆ?’

‘ಜಗಳ ಆಡ್ತೀನಿ. ಆದ್ರೆ ಕಿತ್ಕೊಳ್ಳಲ್ಲ.’

ಅವಳು ಬಟ್ಟೆಯ ತುದಿ ಹಿಡಿದು, ಕಬ್ಬಿಣ ಕೈಗೆ ತಾಗದ ಹಾಗೆ, ಅದನ್ನು ಒಳಗೆ ತೆಗೆದುಕೊಂಡು ಹೋದಳು.

ಅಕ್ಟೋಬರಿನಲ್ಲಿ ಫೋನ್ ಮಾಡಿ ಬೋಲ್ಟ್ ಕೇಳಿದೆ. ‘ನೋ,’ ಎಂದಳು. ಕೊಟ್ಟ ಮಾತಿನಂತೆ ಅರ್ಧ ಗಂಟೆ ಜಗಳ ಆಡಿದೆ. ಮರ ಕೆರೆದ ನನ್ನ ಎರಡು ತಿಂಗಳು, ನನ್ನ ಲೈಸೆನ್ಸು, ನನ್ನ ವಯಸ್ಸು, ಎಲ್ಲವನ್ನೂ ಎತ್ತಿ ಆಡಿದೆ. ಅವಳು ಪೂರ್ತಿ ಕೇಳಿಸಿಕೊಂಡು ಮತ್ತೊಮ್ಮೆ, ‘ನೋ, ಅಮ್ಮ,’ ಎಂದಳು. ನಾನು ಫೋನ್ ಕುಕ್ಕಿದೆ. ಆ ವರ್ಷ ಬೇಟೆ ಇಲ್ಲ.

ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ದಿನ ಮಧ್ಯಾಹ್ನ ಮನೆ ಮುಂದೆ ಅವಳ ಕಾರು ನಿಂತಿತು. ಬ್ಯಾಗ್ ಎತ್ತಿಕೊಂಡು ನೇರ ತನ್ನ ಹಳೆಯ ರೂಮಿಗೆ ಹೋದಳು. ನಾಲ್ಕು ರಾತ್ರಿ ಅಲ್ಲೇ ಮಲಗಿದಳು. ಬೀಗ ಹಾಕಿದ ಪೆಟ್ಟಿಗೆ ಕೆಳಗೆ ಗರಾಜಿನಲ್ಲೇ ಇತ್ತು. ಹೊರಡುವಾಗ ಕಾರಿನ ಗಾಜು ಇಳಿಸಿ, ‘ನೆಕ್ಸ್ಟ್ ಇಯರ್ ಕೇಳ್ತೀಯಾ?’ ಎಂದಳು.

‘ಕೇಳೇ ಕೇಳ್ತೀನಿ,’ ಎಂದೆ.