ಸೊರೊನ್‌ಬಾಯ್ ಮೇಷ್ಟ್ರ ಬುದ್ಧಿಪರೀಕ್ಷೆ
ನರಿನ್ ಸೀಮೆಯ ಶಾಲೆಗಳಲ್ಲಿ ಮಕ್ಕಳ ಬುದ್ಧಿ ಅಳೆಯುವ ಸೊರೊನ್‌ಬಾಯ್ ಮೇಷ್ಟ್ರ ಕಂಕುಳಲ್ಲಿ ಸದಾ ಚಿತ್ರಗಳ ಕಟ್ಟು, ಬಾಯಲ್ಲಿ ಸದಾ ಒಂದೇ ಮಾತು: "ಬುದ್ಧಿ ಅನ್ನೋದು ಇದ್ರೆ ಇದೆ, ಇಲ್ಲಾಂದ್ರೆ ಇಲ್ಲ." ಮದುವೆಗೆ ಮುಂಚೆ ಹೆಂಡತಿಗೂ ಪರೀಕ್ಷೆ ಕೊಟ್ಟು ಎರಡು ಅಂಕ ಕಳೆದಿದ್ದರಂತೆ. ಈ ಬೇಸಿಗೆಯಲ್ಲಿ ನೆಲಕ್ಕೆ ಹಾಸುವ ಕಂಬಳಿ ಕೊಳ್ಳಲು ಜಿಪಾರ್ ಎಂಬಾಕೆಯ ಮನೆಗೆ ಹೋದರು. ಆಕೆ ಒಂದು ಗೆರೆಯನ್ನೂ ಎಳೆಯದೆ, ಎರಡು ಬಣ್ಣದ ಉಣ್ಣೆಹಾಸುಗಳನ್ನು ಒಟ್ಟಿಗೇ ಕತ್ತರಿಸಿ, ಟಗರುಕೊಂಬಿನ ಆಕಾರದ ಕೆಂಪು ತುಂಡನ್ನು ಕಪ್ಪು ಹಾಸಿನಲ್ಲಿ ಬಿದ್ದ ಅದೇ ಆಕಾರದ ಕಂಡಿಗೆ ಕೂರಿಸುತ್ತಿದ್ದಳು. "ಅಳತೆ ಇಲ್ದೆ ಹೇಗಮ್ಮಾ?" "ಮನಸ್ಸಲ್ಲೇ ತಿರುಗಿಸಿ ನೋಡ್ತೀನಿ, ಮೇಷ್ಟ್ರೇ." ಮೇಷ್ಟ್ರು ಬೆಚ್ಚಿದರು. ತಾವು ಕಾಗದದ ಚಿತ್ರಗಳಲ್ಲಿ ಅಳೆಯುತ್ತಿದ್ದುದೂ ಇದನ್ನೇ: ಆಕಾರವನ್ನು ಮನಸ್ಸಲ್ಲೇ ತಿರುಗಿಸಿ ಹೊಂದಿಸುವುದನ್ನು. ಕಾಗದವಾದರೂ ಉಣ್ಣೆಯಾದರೂ ಒಳಗೆ ದುಡಿಯುವ ಶಕ್ತಿ ಒಂದೇ. "ಎಷ್ಟು ಓದಿದೀಯ?" ಎಂದು ಅಕ್ಕರೆಯಿಂದ ಕೇಳಿದರು. "ಮೂರನೇ ಕ್ಲಾಸು. ಆಗ ನೀವು ನಮ್ಮ ಶಾಲೆಗೆ ಪರೀಕ್ಷೆ ಮಾಡೋಕೆ ಬಂದಿದ್ರಿ; ಚಿತ್ರ ಬರೆದ ಕಾಗದ ನಾನು ನೋಡಿದ್ದೇ ಅವತ್ತು ಮೊದಲು. ನೀವು 'ಮಂದಬುದ್ಧಿ' ಅಂತ ಬರೆದ್ರಿ, ಅಪ್ಪ ಶಾಲೆ ಬಿಡಿಸಿದ್ರು. ಇರಲಿ, ಊಟ ಮಾಡ್ಕೊಂಡು ಹೋಗಿ." ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮೇಷ್ಟ್ರು ಇಪ್ಪತ್ತೆಂಟು ವರ್ಷಗಳ ಕೆಲಸದಲ್ಲಿ ತಮ್ಮಿಂದ ಹಾಗೆ ಬರೆಸಿಕೊಂಡ ಮಕ್ಕಳಲ್ಲಿ ಒಂದರ ಮುಖವನ್ನಾದರೂ ನೆನೆಯಲು ನೋಡಿದರು. ಒಂದೂ ನೆನಪಿಗೆ ಬರಲಿಲ್ಲ.